ಹಂಚಿನ ಊರು, ‘ಸಾಕು’ ಎಂಬ ಮಾತು

ನಾನು ಮೊದಲು ಓದಿದ ಇಂಗ್ಲಿಷ್ ಅಕ್ಷರಗಳು ನಮ್ಮ ಮನೆಯ ಮಾಡಿನಲ್ಲಿದ್ದವು. ಚಿಕ್ಕಂದಿನಲ್ಲಿ ಜ್ವರ ಬಂದು ಚಾಪೆಯ ಮೇಲೆ ಅಂಗಾತ ಮಲಗಿದರೆ ಪಕ್ಕಾಸು, ರೀಪುಗಳ ನಡುವೆ ಸಾಲುಸಾಲು ಹಂಚುಗಳ ಅಡಿಭಾಗ ಕಾಣುತ್ತಿತ್ತು. ಅದರಲ್ಲಿ ಉಬ್ಬಿದ ಅಕ್ಷರ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ನಡುವೆ ಒಂದೇ ಒಂದು ಗಾಜಿನ ಹಂಚು. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲಿನ ಕೋಲು ನೆಲದ ಮೇಲೆ ಮೆಲ್ಲಗೆ ಸರಿಯುವುದನ್ನು ನೋಡುತ್ತಾ ಆ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ್ದೆ. ‘ಬಾಸೆಲ್ ಅಂದರೆ ಏನಜ್ಜ?’ ಎಂದು ಕೇಳಿದ್ದಕ್ಕೆ ಅಜ್ಜ, ‘ನಮಗೆ ಅನ್ನ ಕೊಟ್ಟ ಊರು ಮಗಾ’ ಎಂದಿದ್ದರು. ಅವರು ಆ ಊರನ್ನು ಕಂಡವರಲ್ಲ.

ನಾವು ಮಂಗಳೂರಿನ ಪ್ರಾಟೆಸ್ಟೆಂಟ್ ಕ್ರೈಸ್ತರು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಅಜ್ಜ ಹೊಳೆ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವರು; ಅಜ್ಜಿ ಅದೇ ಅಂಗಳದಲ್ಲಿ ಹಂಚು ಹೊತ್ತವರು. ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ ಗಂಜಿಯ ಸೌಟು ಹಿಡಿದು ‘ಯಾವಾ?’ ಎಂದು ಕೇಳುವರು. ಅಜ್ಜ ಬಟ್ಟಲ ಮೇಲೆ ಅಂಗೈ ಅಡ್ಡ ಹಿಡಿದು ‘ಯಾವು’ ಎನ್ನುವರು. ತುಳುವಿನಲ್ಲಿ ಹಾಗೆಂದರೆ ಸಾಕು. ಮಡಕೆಯಲ್ಲಿ ಇನ್ನೂ ಇದೆಯೇ, ಅಜ್ಜಿಗೆ ಉಳಿದಿದೆಯೇ ಎಂದು ನೋಡಿಯೇ ಆ ಮಾತು ಬರುತ್ತಿತ್ತು ಎಂಬುದು ನನಗೆ ಬಹಳ ಕಾಲದ ಮೇಲೆ ಅರ್ಥವಾಯಿತು.

ನಾನು ಒಂದು ಬ್ಯಾಂಕಿನಲ್ಲಿ 34 ವರ್ಷ ಗುಮಾಸ್ತನಾಗಿದ್ದೆ. ಬಡ್ಡಿ, ಅಸಲು, ಅಡವು ಇವುಗಳ ನಡುವೆಯೇ ಆಯುಷ್ಯ ಕಳೆಯಿತು. ನಿವೃತ್ತಿಯಾದ ಮೇಲೆ ಆ 1865 ಎಂಬ ಅಂಕೆಯ ಬೆನ್ನು ಹತ್ತಿದೆ. ಓದುತ್ತಾ ಹೋದ ಹಾಗೆ ಇದು ಹಂಚಿನ ಕಥೆಯಷ್ಟೇ ಅಲ್ಲ, ‘ಸಾಕು’ ಎಂಬ ಮಾತನ್ನು ಯಾರು ಹೇಳಬೇಕು, ಯಾರಿಗೆ ಹೇಳಬೇಕು ಎಂಬ ಕಥೆಯೂ ಹೌದು ಎನಿಸಿತು. ಅದನ್ನು ಬರೆದಿಡಬೇಕೆಂದು ಇಲ್ಲಿ ಕುಳಿತಿದ್ದೇನೆ.

ಬಾಸೆಲ್ ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಡದ ಪಟ್ಟಣ. ರೇಷ್ಮೆ ರಿಬ್ಬನ್ನಿನ ವ್ಯಾಪಾರದಿಂದ ಬೆಳೆದ ಊರು. 1815ರಲ್ಲಿ ಅಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಹುಟ್ಟಿತು. ಅದಕ್ಕೆ ಹಣ ಕೊಟ್ಟವರಲ್ಲಿ ಬಾಸೆಲ್ಲಿನ ಸಾಹುಕಾರರಿದ್ದರೆ, ಮಿಶನರಿಗಳಾಗಿ ಹೊರಟವರಲ್ಲಿ ಹೆಚ್ಚಿನವರು ಪಕ್ಕದ ಜರ್ಮನ್ ಸೀಮೆ ವ್ಯೂರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಪಯಟಿಸ್ಟ್ ಎಂದು ಕರೆಸಿಕೊಂಡ ಈ ಭಕ್ತರಿಗೆ ದುಡಿಮೆ, ಮಿತವ್ಯಯ, ಪ್ರಾರ್ಥನೆ ಮೂರೂ ಒಂದೇ ಹಗ್ಗದ ಎಳೆಗಳು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, ಅಕ್ಟೋಬರ್ ಕೊನೆಗೆ ಮಂಗಳೂರು ಸೇರಿದರು.

ಇವರ ಬೋಧನೆ ಕೇಳಿ ಸ್ನಾನದೀಕ್ಷೆ ಪಡೆದವರಲ್ಲಿ ಬಿಲ್ಲವರು ಹೆಚ್ಚು. ನನ್ನ ಮುತ್ತಜ್ಜನೂ ಅವರಲ್ಲೊಬ್ಬ. ಮೂರ್ತೆ ಅವನ ಕಸುಬು. ತಾಳೆ ಮರ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು. ಮಿಶನ್ನಿನ ನಿಯಮ ಕಟ್ಟುನಿಟ್ಟು: ಕ್ರೈಸ್ತ ಸಭೆಗೆ ಸೇರಿದವನು ಕಳ್ಳಿನ ಕಸುಬು ಬಿಡಬೇಕು. ಬಿಟ್ಟ. ಬಿಟ್ಟ ದಿನವೇ ಅನ್ನದ ದಾರಿಯೂ ಮುಚ್ಚಿತು. ಅಳಿಯಸಂತಾನದ ಕುಟುಂಬದ ಮನೆಯಲ್ಲಿ ಜಾತಿ ಬಿಟ್ಟವನಿಗೆ ಪಾಲಿಲ್ಲ, ಒಕ್ಕಲು ಮಾಡುತ್ತಿದ್ದ ಗದ್ದೆ ಧಣಿಯ ಕೈ ಸೇರಿತು. ದೇವರನ್ನು ನಂಬಿದ್ದಕ್ಕೆ ಹಸಿವು ಬಂತು ಎಂದು ಅವನ ಅಕ್ಕ ಅತ್ತಿದ್ದಳಂತೆ. ಇಂಥವರು ಒಬ್ಬಿಬ್ಬರಲ್ಲ. ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ ಮಿಶನರಿಗಳ ಮನೆಯ ಮುಂದೆ ಕೆಲಸ ಕೇಳಿಕೊಂಡು ನಿಲ್ಲುವವರ ಸಾಲು ಬೆಳೆಯುತ್ತಾ ಹೋಯಿತು.

ಮಿಶನರಿಗಳು ಏನೇನೋ ಮಾಡಿ ನೋಡಿದರು. ಜಮೀನು ಹಿಡಿದು ಒಕ್ಕಲು ಕೂರಿಸಿದರೆ ತಾವೇ ಧಣಿಗಳಾಗಿ ಗೇಣಿ ವಸೂಲಿಗೆ ನಿಲ್ಲಬೇಕಾಯಿತು. ಬಡಗಿ ಕೆಲಸ, ಗಡಿಯಾರದ ಕೆಲಸ ಹೆಚ್ಚು ದೂರ ಹೋಗಲಿಲ್ಲ. ಅಚ್ಚುಕೂಟ ನಿಂತಿತು, 1843ರ ‘ಮಂಗಳೂರು ಸಮಾಚಾರ’ದಿಂದ 1894ರ ಕಿಟ್ಟೆಲರ ನಿಘಂಟಿನವರೆಗೆ ಅದರ ಕಥೆ ಕನ್ನಡಿಗರಿಗೆಲ್ಲ ಗೊತ್ತು. ನೇಯ್ಗೆಯೂ ನಿಂತಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಮಗ್ಗದ ಕೆಲಸಕ್ಕೆ ಹೊಸ ರೂಪ ಕೊಟ್ಟರು. ಆದರೆ ನಮ್ಮ ಊರಿನ ಆಕಾಶದ ಚಹರೆಯನ್ನೇ ಬದಲಿಸಿದ್ದು ಹಂಚು.

ಗೇಯಾರ್ಗ್ ಪ್ಲೆಬ್ಸ್ಟ್ ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಯಂತ್ರ ಬಲ್ಲವರು, ಕನ್ನಡದ ಅಚ್ಚುಮೊಳೆಗಳನ್ನು ತಿದ್ದಿದವರು. ನೇತ್ರಾವತಿಯ ಬದಿಯಲ್ಲಿ ಕುಂಬಾರರು ಮಡಕೆ ಮಾಡುವ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಆಗ ಊರಿನ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಅಥವಾ ಮಡಲಿನ ಮಾಡು. ವರ್ಷವರ್ಷ ಹೊದಿಸಬೇಕು, ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಹೋಯಿತು. ಯುರೋಪಿನಲ್ಲಿ ಬಂದಿದ್ದ, ಒಂದಕ್ಕೊಂದು ಕಚ್ಚಿಕೊಂಡು ಕೂರುವ ಚಪ್ಪಟೆ ಹಂಚನ್ನು ಈ ಮಣ್ಣಿನಲ್ಲಿ ಮಾಡಬಹುದಲ್ಲ ಎಂದು ಯೋಚಿಸಿದ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹೂಡಿದರು. ಭಾರತದ ಮೊದಲ ಹಂಚಿನ ಕಾರ್ಖಾನೆ ಅದು. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್ ಹೀಗೆ ಕರಾವಳಿಯುದ್ದಕ್ಕೂ ಮಿಶನ್ನಿನ ಕಾರ್ಖಾನೆಗಳು ಎದ್ದವು. ಅದನ್ನು ನೋಡಿ ಊರಿನ ಉದ್ಯಮಿಗಳೂ ಹಂಚು ಸುಟ್ಟರು. ‘ಮಂಗಳೂರು ಹಂಚು’ ಎಂಬ ಹೆಸರು ಕಡಲು ದಾಟಿತು.

ಈ ಕೆಲಸ ಹೇಗೆ ನಡೆಯುತ್ತಿತ್ತು ಎಂದು ನಾನು ಕೇಳಿ ತಿಳಿದದ್ದಲ್ಲ, ಕಣ್ಣಾರೆ ಕಂಡದ್ದು. ರಜೆಯಲ್ಲಿ ಅಜ್ಜನಿಗೆ ಬುತ್ತಿ ಕೊಂಡುಹೋಗುವ ನೆಪದಲ್ಲಿ ಕಾರ್ಖಾನೆಗೆ ನುಗ್ಗುತ್ತಿದ್ದೆ. ದೋಣಿಯಲ್ಲಿ ಬಂದ ಮಣ್ಣು ದಂಡೆಯಲ್ಲಿ ಗುಡ್ಡೆಯಾಗಿ ಬಿಸಿಲು ಮಳೆಗೆ ಹದಗೊಳ್ಳುತ್ತಿತ್ತು. ಅದಕ್ಕೆ ನೀರು ಕೂಡಿಸಿ, ಅರೆದು, ಹಲಗೆಯಂತೆ ಕೊಯ್ದು, ಎಣ್ಣೆ ಸವರಿದ ಅಚ್ಚಿನ ಮೇಲಿಟ್ಟು ಪ್ರೆಸ್ಸಿನ ಚಕ್ರ ತಿರುಗಿಸಿದರೆ ಮೆತ್ತನೆಯ ಹಸಿ ಹಂಚು. ಅದರ ಅಂಚಿನ ಹೆಚ್ಚುವರಿ ಮಣ್ಣನ್ನು ತಂತಿಯಿಂದ ಸವರಿ ತೆಗೆಯುವವರು ಬೇರೆ. ಆಮೇಲೆ ನೆರಳಿನಲ್ಲಿ, ಅಟ್ಟಣಿಗೆಯ ಮೇಲೆ ದಿನಗಟ್ಟಲೆ ಒಣಗಬೇಕು. ಅವಸರ ಮಾಡಿ ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ಹಸಿಯಾಗಿಯೇ ಭಟ್ಟಿಗೆ ಹಾಕಿದರೆ ಸೀಳುತ್ತದೆ. ಭಟ್ಟಿಗೆ ಸೌದೆ. ಹಗಲೂ ರಾತ್ರಿ ಬೆಂಕಿ ಕಾಯುವವರ ಕಣ್ಣು ಕೆಂಡದಂತೆ ಇರುತ್ತಿತ್ತು.

ಅಜ್ಜನ ಕೆಲಸ ಸುಟ್ಟು ತಣಿದ ಹಂಚನ್ನು ಆರಿಸುವುದು. ಮುಂಡು ಎತ್ತಿ ಕಟ್ಟಿ, ಮಣೆಯ ಮೇಲೆ ಕುಳಿತು, ಎಡಗೈಯಲ್ಲಿ ಹಂಚೆತ್ತಿ ಬಲಗೈಯ ಬೆರಳ ಗೆಣ್ಣಿನಿಂದ ಒಂದು ಬಡಿತ. ‘ಟಣ್’ ಎಂದರೆ ಒಂದನೇ ನಂಬ್ರ. ಸದ್ದು ಮಂಕಾದರೆ ಎರಡನೇ ನಂಬ್ರ. ‘ಡಬ್’ ಎಂದರೆ ಒಳಗೆಲ್ಲೋ ಬಿರುಕು. ಕಣ್ಣಿಗೆ ಕಾಣದಿದ್ದರೂ ಒಡೆದ ರಾಶಿಗೆ ಹೋಗಬೇಕು. ಅವರ ಬಲಗೈಯ ನಡುಬೆರಳ ಗೆಣ್ಣು ಆಣಿ ಕಟ್ಟಿ ಅಡಿಕೆಯಂತೆ ಗಟ್ಟಿಯಾಗಿತ್ತು. ಒಮ್ಮೆ ದೊಡ್ಡ ಆರ್ಡರೊಂದು ಹಡಗಿಗೆ ತುಂಬುವ ಅವಸರದಲ್ಲಿ ಮೇಸ್ತ್ರಿ ಬಂದು, ಎರಡನೇ ನಂಬ್ರದ ಹಂಚನ್ನು ಒಂದನೇದರ ನಡುವೆ ಸೇರಿಸು, ನಿನಗೂ ಏನಾದರೂ ಕೊಡಿಸುತ್ತೇನೆ ಎಂದನಂತೆ. ಅಜ್ಜ ಮಾತಾಡದೆ ಮುಂದಿನ ಹಂಚನ್ನೆತ್ತಿ ಬಡಿದರು. ಆ ವರ್ಷ ಅವರಿಗೆ ಕೂಲಿ ಏರಲಿಲ್ಲ. ಈ ಕಥೆಯನ್ನು ಅಜ್ಜ ಹೇಳಿದ್ದಲ್ಲ, ಅಜ್ಜಿ ಹೇಳಿದ್ದು. ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಎಷ್ಟಿತ್ತೋ ಸಂಕಟವೂ ಅಷ್ಟೇ ಇತ್ತು.

ಇನ್ನು ಹಣದ ವಿಚಾರ. ಬ್ಯಾಂಕಿನವನಾದ್ದರಿಂದ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ.

ಮಿಶನ್ ಲಾಭ ಮಾಡಬಹುದೇ? ಈ ಪ್ರಶ್ನೆ ಬಾಸೆಲ್ಲಿನಲ್ಲಿ ನಿಜವಾಗಿಯೂ ಚರ್ಚೆಯಾಯಿತು. ಸುವಾರ್ತೆ ಸಾರಲು ಹೋದವರು ಅಂಗಡಿ ಇಟ್ಟರೆ ಅಂಗಡಿಯೇ ಸುವಾರ್ತೆಯನ್ನು ನುಂಗಿಬಿಡುತ್ತದೆ ಎಂದು ಹೆದರಿದವರಿದ್ದರು. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂದು ಯೇಸು ಹೇಳಿದ ಮೇಲೆ ಆ ಹೆದರಿಕೆ ಸುಳ್ಳಲ್ಲ. ಮಿಶನ್ನಿನ ಮುಖ್ಯಸ್ಥ ಯೋಸೆನ್‌ಹಾನ್ಸ್ 1851–52ರಲ್ಲಿ ಇಲ್ಲಿಗೇ ಬಂದು ಎಲ್ಲವನ್ನೂ ಕಣ್ಣಾರೆ ನೋಡಿ ಹೋದರು. ಅದರ ಬೆನ್ನಿಗೇ ಕೈಗಾರಿಕೆ ನೋಡಿಕೊಳ್ಳಲು ಬಾಸೆಲ್ಲಿನಲ್ಲಿ ಒಂದು ಸಮಿತಿಯಾಯಿತು. 1859ರಲ್ಲಿ ಮಿಶನ್ನಿನ ವ್ಯಾಪಾರಕ್ಕೆಂದೇ ಬೇರೆ ಕಂಪನಿ ಕಟ್ಟಿದರು. ಅದರ ಪಾಲುದಾರರು ಬಾಸೆಲ್ಲಿನ ಅನುಕೂಲಸ್ಥರು. ಅವರು ತಮಗೆ ತಾವೇ ಒಂದು ಬೇಲಿ ಹಾಕಿಕೊಂಡರು. ಡಿವಿಡೆಂಡಿಗೆ ಇಷ್ಟೇ ಎಂಬ ಮೇಲ್ಮಿತಿ. ಅದನ್ನು ಮೀರಿ ಬಂದ ಲಾಭ ಮಿಶನ್ನಿನ ಕೆಲಸಕ್ಕೆ. ವ್ಯಾಪಾರ ನೋಡಿಕೊಳ್ಳಲು ಬಂದ ಸಹೋದರರಿಗೂ ಲಾಭದಲ್ಲಿ ಪಾಲಿಲ್ಲ. ಇದೇ ಕಂಪನಿ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ವ್ಯಾಪಾರ ಮಾಡಿತು. ಅಲ್ಲಿ ಬೇಗ ದುಡ್ಡಾಗುತ್ತಿದ್ದ ಸರಕುಗಳೆಂದರೆ ಸಾರಾಯಿ ಮತ್ತು ಬಂದೂಕು. ಅವೆರಡನ್ನೂ ಇವರು ಮಾರಲಿಲ್ಲ.

ನಾನು ಬ್ಯಾಂಕಿನಲ್ಲಿ ನೂರಾರು ಕಂಪನಿಗಳ ಆಯವ್ಯಯ ನೋಡಿದ್ದೇನೆ. ಸಾಲಕ್ಕೆ ಮಿತಿ ಕಂಡಿದ್ದೇನೆ, ಖರ್ಚಿಗೆ ಮಿತಿ ಕಂಡಿದ್ದೇನೆ. ತನ್ನ ಲಾಭಕ್ಕೇ ಮಿತಿ ಬರೆದಿಟ್ಟುಕೊಂಡವರನ್ನು ಕಂಡದ್ದು ಕಡಿಮೆ. ತೃಪ್ತಿ ಎಂಬುದು ಮನಸ್ಸಿನ ಒಂದು ಹದ ಎಂದು ನಾವೆಲ್ಲ ಮಾತಾಡುತ್ತೇವೆ. ಮನಸ್ಸು ದಿನಕ್ಕೊಂದು ಬಗೆ. ಕಾಗದದ ಮೇಲೆ ಇಷ್ಟೇ ಎಂದು ಬರೆದು ಸಹಿ ಹಾಕಿದರೆ ಆಸೆ ಬಂದ ದಿನವೂ ಕೈ ಕಟ್ಟಿರುತ್ತದೆ.

ಅದೇ ಬಾಸೆಲ್ಲಿನಲ್ಲಿ ಕಾರ್ಲ್ ಸಾರಾಸಿನ್ ಎಂಬ ರಿಬ್ಬನ್ ಕಾರ್ಖಾನೆಯ ಯಜಮಾನರಿದ್ದರು. 1855ರಲ್ಲಿ ಅವರೊಂದು ವಂತಿಗೆ ಆರಂಭಿಸಿದರು: ಮಿಶನ್ನಿಗಾಗಿ ವಾರಕ್ಕೆ ಅರ್ಧ ಬಾಟ್ಸೆನ್. ಬಾಟ್ಸೆನ್ ಎಂಬುದು ಆ ದೇಶದ ಹಳೆಯ ಚಿಕ್ಕ ನಾಣ್ಯ. ಅದರಲ್ಲಿ ಅರ್ಧ ಎಂದರೆ ಐದು ಸೆಂಟೀಮು. ಮನೆಗೆಲಸದ ಹೆಂಗಸು, ಮಗ್ಗದ ಕೂಲಿ, ಹೊಲದ ಆಳು ಯಾರಾದರೂ ಕೊಡಬಹುದಾದಷ್ಟು ಸಣ್ಣದು. ಮನೆಮನೆಗೆ ಹೋಗಿ ಕೂಡಿಸುವವರಿದ್ದರು. ಇಂಥ ಕಾಸು ಸೇರಿ ಸೇರಿ ದೊಡ್ಡ ಮೊತ್ತವಾಯಿತು. ದೊಡ್ಡ ಸಾಹುಕಾರರ ದಾನದ ಮಾತು ಎಲ್ಲರೂ ಆಡುತ್ತಾರೆ. ನನ್ನ ಅಜ್ಜಿ ಓದಿದ ಶಾಲೆಯ ಗೋಡೆಯಲ್ಲಿ ಯಾವಳೋ ಪಾತ್ರೆ ತೊಳೆಯುವ ಹೆಂಗಸಿನ ಅರ್ಧ ಬಾಟ್ಸೆನ್ನೂ ಇದ್ದಿರಬೇಕು ಎಂದು ನೆನೆದಾಗ ನನ್ನ ಗಂಟಲು ಕಟ್ಟುತ್ತದೆ.

ಏಕೆಂದರೆ ನನ್ನ ಅಜ್ಜಿಯೂ ಅದನ್ನೇ ಮಾಡುತ್ತಿದ್ದರು. ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಕುಡಿಕೆ. ಅಕ್ಕಿ ಅಳೆದು ತೊಳೆಯುವ ಮುಂಚೆ ಅದರಿಂದ ಒಂದು ಹಿಡಿ ತೆಗೆದು ಕುಡಿಕೆಗೆ. ತಿಂಗಳ ಕೊನೆಗೆ ಅದು ಸಭೆಗೆ ಹೋಗುತ್ತಿತ್ತು, ಅಲ್ಲಿಂದ ಯಾವುದಾದರೂ ವಿಧವೆಯ ಮನೆಗೆ. ಕೆಲವು ದಿನ ಅಳತೆಯೇ ಒಂದು ಪಾವು ಕಮ್ಮಿ ಇರುತ್ತಿತ್ತು. ಆಗಲೂ ಹಿಡಿ ತಪ್ಪುತ್ತಿರಲಿಲ್ಲ. ಮುಷ್ಟಿ ಮಾತ್ರ ಸ್ವಲ್ಪ ಬಿಗಿ. ‘ಇವತ್ತು ನಮಗೇ ಇಲ್ಲವಲ್ಲ ಅಜ್ಜಿ’ ಎಂದರೆ, ‘ಕೊಡುವಷ್ಟು ಇದೆ ಅಂತ ನಮಗೇ ಗೊತ್ತಾಗಬೇಕಲ್ಲ’ ಎನ್ನುತ್ತಿದ್ದರು. ಬಾಸೆಲ್ಲಿನ ಅರ್ಧ ಬಾಟ್ಸೆನ್ನಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ.

ಇಷ್ಟನ್ನೇ ಹೇಳಿ ಮುಗಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಅಜ್ಜಿಯ ಇನ್ನೊಂದು ಮಾತನ್ನೂ ಹೇಳಲೇಬೇಕು.

ಹಂಚು ಹೊರುವುದು ಹೆಂಗಸರ ಕೆಲಸ. ತಲೆಗೆ ಸಿಂಬಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಂಚು. ಒಣಗುವ ಅಟ್ಟಣಿಗೆಯಿಂದ ಭಟ್ಟಿಗೆ, ಭಟ್ಟಿಯಿಂದ ಅಂಗಳಕ್ಕೆ, ಅಂಗಳದಿಂದ ದೋಣಿಗೆ. ಗಂಡಸರಿಗಿಂತ ಕಡಿಮೆ ಕೂಲಿ. ಅಜ್ಜಿಯ ನೆತ್ತಿಯ ನಡುವೆ ಕೂದಲು ಹುಟ್ಟದ ಒಂದು ಬಿಲ್ಲೆಯಷ್ಟು ಜಾಗವಿತ್ತು. ಒಮ್ಮೆ ಹೊರುವ ಹೆಂಗಸರೆಲ್ಲ ಸೇರಿ ದಿನಗೂಲಿಗೆ ಸ್ವಲ್ಪ ಹೆಚ್ಚು ಮಾಡಿ ಎಂದು ಕೇಳಿದರು. ಯಜಮಾನರು ಕೊಡಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಮುಂದಿನ ಭಾನುವಾರ. ಪ್ರಸಂಗಕ್ಕೆ ನಿಂತವರು ಇದ್ದುದರಲ್ಲಿ ತೃಪ್ತರಾಗಿರಿ ಎಂಬ ವಿಷಯ ಎತ್ತಿಕೊಂಡರಂತೆ. ಮುಂದಿನ ಸಾಲಿನಲ್ಲಿ ಯಜಮಾನರ ಕಡೆಯವರು ಬೆಂಚಿನಲ್ಲಿ ಕುಳಿತಿದ್ದರು, ಹಿಂದೆ ಚಾಪೆಯಲ್ಲಿ ಹೆಂಗಸರು. ‘ಅವರು ನಮ್ಮನ್ನು ನೋಡಿ ಹೇಳಿದರು ಮಗಾ. ಮುಂದಿನ ಬೆಂಚನ್ನು ನೋಡಿ ಹೇಳಲಿಲ್ಲ’ ಎಂದಿದ್ದರು ಅಜ್ಜಿ. ಎಪ್ಪತ್ತು ದಾಟಿದ ಮೇಲೂ ಅವರು ಅದನ್ನು ಮರೆತಿರಲಿಲ್ಲ.

ಆಮೇಲೆ ನಾನು ಸತ್ಯವೇದವನ್ನು ಆ ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ. ತೃಪ್ತಿಯ ಮಾತು ಅಲ್ಲಿ ಯಾರು ಯಾರಿಗೆ ಹೇಳುತ್ತಾರೆ? ಲೂಕನ ಸುವಾರ್ತೆಯಲ್ಲಿ ಕಣಜ ಕೆಡವಿ ಇನ್ನೂ ದೊಡ್ಡ ಕಣಜ ಕಟ್ಟಲು ಹೊರಟವನು ಕೂಲಿಯವನಲ್ಲ, ಆಗಲೇ ತುಂಬಿ ತುಳುಕುತ್ತಿದ್ದ ಜಮೀನುದಾರ. ಆ ರಾತ್ರಿಯೇ ಅವನ ಪ್ರಾಣ ಹೋಗುತ್ತದೆ. ಅಪೊಸ್ತಲ ಪೌಲನು ಫಿಲಿಪ್ಪಿಯ ಸಭೆಯವರಿಗೆ ಪತ್ರ ಬರೆದಾಗ ಸೆರೆಯಲ್ಲಿದ್ದ. ಹಸಿವು, ಸಮೃದ್ಧಿ ಎರಡರಲ್ಲೂ ಇರಲು ಕಲಿತಿದ್ದೇನೆ ಎಂಬ ಅರ್ಥದ ಮಾತನ್ನು ಅವನು ತನ್ನ ಬಗ್ಗೆ ಹೇಳಿಕೊಂಡ, ಬೇರೆಯವರ ಹೊಟ್ಟೆಗೆ ಕಟ್ಟಿದ್ದಲ್ಲ. ಗುಡಾರ ಹೊಲಿದು ತನ್ನ ಅನ್ನ ತಾನೇ ದುಡಿದವನು ಬೇರೆ. ತಿಮೊಥೆಯನಿಗೆ ಬರೆದ ಪತ್ರದಲ್ಲಿ ಹಣದಾಸೆಯ ಎಚ್ಚರಿಕೆ ಬರುವುದು ಐಶ್ವರ್ಯವಂತರಾಗಲು ಹೊರಟವರಿಗೆ. ಯಾಕೋಬನ ಪತ್ರವಂತೂ ಇನ್ನೂ ಸ್ಪಷ್ಟ: ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎನ್ನುತ್ತಾನೆ ಅವನು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಹಾರವಾಗಿ ಆಕಾಶದಿಂದ ಮನ್ನ ಬಿದ್ದ ಕಥೆಯಲ್ಲಿ ನಾಳೆಗೆಂದು ಬಚ್ಚಿಟ್ಟವರ ಪಾಲು ಹುಳ ಬಿದ್ದು ನಾರಿತು. ಹಾಗೆಯೇ ಕಡಿಮೆ ಕೂಡಿಸಿದವರಿಗೆ ಕಡಿಮೆಯಾಗಲೂ ಇಲ್ಲ. ನಾವು ಮೊದಲನೆಯ ಅರ್ಧವನ್ನು ಬೋಧಿಸುತ್ತೇವೆ, ಎರಡನೆಯ ಅರ್ಧವನ್ನು ಬಿಡುತ್ತೇವೆ.

ನನ್ನ ತೀರ್ಪು ಇದು. ತೃಪ್ತಿ ಎಂಬುದನ್ನು ಮೊದಲು ಕೇಳಬೇಕಾದ್ದು ತುಂಬಿದ ಕೈಯನ್ನು. ಖಾಲಿ ಕೈಗೆ ಅದನ್ನು ಬೋಧಿಸಿದರೆ ಅದು ಸುವಾರ್ತೆ ಅಲ್ಲ, ಕೂಲಿ ಉಳಿಸುವ ಉಪಾಯ. 1859ರಲ್ಲಿ ತಮ್ಮ ಡಿವಿಡೆಂಡಿಗೆ ಮಿತಿ ಹಾಕಿಕೊಂಡವರು ಈ ಪಾಠವನ್ನು ಸರಿಯಾದ ತುದಿಯಿಂದ ಹಿಡಿದಿದ್ದರು. ಮಿಶನ್ನಿನ ಕಾರ್ಖಾನೆಗಳಲ್ಲಿ ಕಷ್ಟವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಪ್ರಾರ್ಥನೆಯಿಂದ ಕೆಲಸ ಆರಂಭವಾಗುತ್ತಿದ್ದ ಅಂಗಳದಲ್ಲೂ ಮಣ್ಣು ಮಣ್ಣೇ, ಹೊರೆ ಹೊರೆಯೇ. ಆದರೂ ಮೇಲಿನವರ ಲಾಭಕ್ಕೆ ಮಿತಿ ಇರಬೇಕೆಂಬ ಬರಹ ಅಲ್ಲಿತ್ತು.

ಆ ವ್ಯವಸ್ಥೆ ಮುರಿದದ್ದು ಯುದ್ಧದಿಂದ. 1914ರಲ್ಲಿ ಮಹಾಯುದ್ಧ ಹೊತ್ತಿದಾಗ ಜರ್ಮನ್ ಮಿಶನರಿಗಳು ಬ್ರಿಟಿಷರ ಕಣ್ಣಿಗೆ ಶತ್ರು ದೇಶದವರಾದರು. ಅವರನ್ನು ಶಿಬಿರಗಳಲ್ಲಿಟ್ಟು ಕೊನೆಗೆ ಊರಿಗೆ ಕಳಿಸಿದರು. ಕಾರ್ಖಾನೆಗಳು ಸರ್ಕಾರದ ವಶವಾಗಿ ಮುಂದೆ ಕಾಮನ್ವೆಲ್ತ್ ಟ್ರಸ್ಟಿನ ಕೈ ಸೇರಿದವು. ನಮ್ಮ ಊರಿನ ಹಳಬರು ಈಗಲೂ ‘ಕಾಮನ್ವೆಲ್ತ್’ ಎಂದೇ ಹೇಳುತ್ತಾರೆ. ಆಮೇಲೆ ತಾರಸಿ ಮನೆಗಳು ಬಂದವು, ಸೌದೆ ತುಟ್ಟಿಯಾಯಿತು, ಒಳ್ಳೆಯ ಜೇಡಿಮಣ್ಣು ಸಿಗುವುದು ಕಷ್ಟವಾಯಿತು. ಒಂದೊಂದೇ ಚಿಮಣಿ ಹೊಗೆ ನಿಲ್ಲಿಸಿತು. ಅಜ್ಜ ಕುಳಿತು ಹಂಚು ಬಡಿಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು ನಿಂತಿದೆ. ಅಲ್ಲಿ ಒಂದು ಫ್ಲಾಟಿನ ಬೆಲೆಗೆ ಅಜ್ಜನ ಕಾಲದಲ್ಲಿ ಇಡೀ ಕಾರ್ಖಾನೆ ಬರುತ್ತಿತ್ತೋ ಏನೋ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಹೇಳದೆ ಬೇರೆಯವರ ಆಸೆಯ ಬಗ್ಗೆ ಬರೆಯುವ ಹಕ್ಕು ನನಗಿಲ್ಲ.

ನಿವೃತ್ತಿಯ ಹಣ ಕೈಗೆ ಬಂದ ವರ್ಷ ಪರಿಚಯದವರೊಬ್ಬರು ಒಂದು ಯೋಜನೆ ತಂದರು. ಕಟ್ಟಿದ ಹಣಕ್ಕೆ ತಿಂಗಳಿಗೆ ನೂರಕ್ಕೆ ಐದು ರೂಪಾಯಿ. ವರ್ಷಕ್ಕೆ ಅರವತ್ತು. ಯಾವ ಪ್ರಾಮಾಣಿಕ ವ್ಯಾಪಾರವೂ ಅಷ್ಟು ಕೊಡಲಾರದು ಎಂದು 34 ವರ್ಷ ಲೆಡ್ಜರ್ ಬರೆದ ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಲಕ್ಷ ಕಟ್ಟಿದೆ. ನನಗೆ ಹಣದ ಅಡಚಣೆ ಇರಲಿಲ್ಲ. ಮಗಳ ಮದುವೆ ಆಗಿತ್ತು, ಪಿಂಚಣಿ ಬರುತ್ತಿತ್ತು, ಮನೆ ಸ್ವಂತದ್ದು. ಮೊದಲ ನಾಲ್ಕು ತಿಂಗಳು ಹತ್ತು ಹತ್ತು ಸಾವಿರ ಬಂತು. ಐದನೆಯ ತಿಂಗಳು ಕಚೇರಿಗೆ ಬೀಗ. ನನ್ನ ಮಾತು ನಂಬಿ ನಮ್ಮ ಸಭೆಯ ಒಬ್ಬ ನರ್ಸಮ್ಮ ಕೂಡ ಮೂವತ್ತು ಸಾವಿರ ಕಟ್ಟಿದ್ದರು. ನನ್ನ ಹಣ ಹೋದದ್ದಕ್ಕೆ ನಾನು ಒಂದು ವಾರ ಅತ್ತಿರಬಹುದು. ಅವರ ಹಣಕ್ಕಾಗಿ ಇಂದಿಗೂ ನಿದ್ದೆ ಕೆಡುತ್ತದೆ. ಎರಡು ವರ್ಷದಲ್ಲಿ ಕಂತುಕಂತಾಗಿ ಅವರಿಗೆ ತೀರಿಸಿದೆ. ಲೂಕನ ಸುವಾರ್ತೆಯ ಸುಂಕದವ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ನಾನು ಕೊಟ್ಟದ್ದು ಒಂದರಷ್ಟೇ.

ಆ ದಿನಗಳಲ್ಲೇ ಅಜ್ಜನ ಹಳೆಯ ಟ್ರಂಕು ತೆರೆದಾಗ ಅವರ ಅಂಚೆ ಉಳಿತಾಯದ ಪಾಸ್‌ಬುಕ್ ಸಿಕ್ಕಿತು. ತಿಂಗಳಿಗೆ ಎರಡು ರೂಪಾಯಿ, ಕೆಲವೊಮ್ಮೆ ಒಂದು. ಮಧ್ಯೆ ಮಧ್ಯೆ ಹಿಂತೆಗೆದ ಲೆಕ್ಕ. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಕಾರಣ ಬರೆದಿದ್ದರು: ಅಕ್ಕನ ಮಗಳ ಬಾಣಂತನ, ಪಕ್ಕದ ಮನೆಗೆ ಹಂಚು, ನನ್ನ ಎಸ್ಸೆಸ್ಸೆಲ್ಸಿ ಫೀಸು. ಪಕ್ಕದ ಮನೆಗೆ ಹಂಚು ಎಂದರೆ ಏನೆಂದು ಅಮ್ಮನನ್ನು ಕೇಳಿದೆ. ಒಂದು ಮಳೆಗಾಲದಲ್ಲಿ ನೆರೆಮನೆಯ ಮಡಲಿನ ಮಾಡು ಗಾಳಿಗೆ ಹಾರಿಹೋದಾಗ ಅಜ್ಜ ಎರಡನೇ ನಂಬ್ರದ ಹಂಚು ಕ್ರಯಕ್ಕೆ ತಂದು ಅವರಿಗೆ ಹೊದಿಸಿಕೊಟ್ಟಿದ್ದರು. ಅವರು ನಮ್ಮ ಮತದವರೂ ಅಲ್ಲ, ನೆಂಟರೂ ಅಲ್ಲ. ಕನ್ನಡದಲ್ಲಿ ಮಾಡಿಗೆ ಹೊದಿಸುವುದಕ್ಕೂ ಹಂಚು, ಇದ್ದುದನ್ನು ಪಾಲು ಮಾಡಿ ಕೊಡುವುದಕ್ಕೂ ಹಂಚು. ತುಳು ಮಾತಾಡುವ ಅಜ್ಜನಿಗೆ ಈ ಶ್ಲೇಷೆ ಹೊಳೆದಿತ್ತೋ ಇಲ್ಲವೋ.

ನಮ್ಮ ಸಭೆಗಳಲ್ಲಿ ವರ್ಷಕ್ಕೊಮ್ಮೆ ಬೆಳೆಯ ಹಬ್ಬ ಮಾಡುತ್ತೇವೆ. ಹಾರ್ವೆಸ್ಟ್ ಎಂದರೇ ಎಲ್ಲರಿಗೂ ಗೊತ್ತಾಗುವುದು. ಮೊದಲ ಫಲವನ್ನು ದೇವರ ಮುಂದಿಟ್ಟು ಆರಾಧನೆ, ಆಮೇಲೆ ಅಂಗಳದಲ್ಲಿ ಏಲಂ. ಬಾಳೆಗೊನೆ, ಬಸಳೆ, ತೊಂಡೆಕಾಯಿ, ಹಲಸು, ಊರ ಕೋಳಿ, ತುಪ್ಪದ ಡಬ್ಬ. ಒಂದು ಸೌತೆಕಾಯಿಗೆ ಸಾವಿರ ರೂಪಾಯಿ ಕೂಗುವವರಿದ್ದಾರೆ, ಚಪ್ಪಾಳೆ ಬೀಳುತ್ತದೆ. ನಾನೂ ಕೂಗಿದ್ದೇನೆ. ಕಳೆದ ವರ್ಷ ಏಲಂ ಮುಗಿದು ಜನ ಊಟಕ್ಕೆ ಹೋದ ಮೇಲೆ, ಅಂಗಳದಲ್ಲಿ ಬಿದ್ದ ಬಾಳೆಸಿಪ್ಪೆ, ಕಾಗದದ ತಟ್ಟೆ ಗುಡಿಸುತ್ತಿದ್ದ ಹೆಂಗಸನ್ನು ನಿಲ್ಲಿಸಿ ನಿಮಗೆ ತಿಂಗಳಿಗೆ ಎಷ್ಟಮ್ಮ ಎಂದು ಕೇಳಿದೆ. ಆಕೆ ಹೇಳಿದ ಅಂಕೆ, ಅರ್ಧ ಗಂಟೆ ಮೊದಲು ಒಂದು ಕೋಳಿಗೆ ಕೂಗಿದ ಮೊತ್ತಕ್ಕಿಂತ ಕಡಿಮೆ ಇತ್ತು. ಹನ್ನೆರಡು ವರ್ಷದಿಂದ ಆಕೆ ಅಲ್ಲಿ ಗುಡಿಸುತ್ತಿದ್ದರು. ಹನ್ನೆರಡು ವರ್ಷದಿಂದ ನಾನು ಅದೇ ಅಂಗಳದಲ್ಲಿ ನಡೆದಾಡುತ್ತಿದ್ದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ವಿಷಯ ಎತ್ತಿದೆವು, ನಾನು ಮತ್ತು ಆ ನರ್ಸಮ್ಮ. ಸುಲಭವಾಗಲಿಲ್ಲ. ಆದರೆ ಏಪ್ರಿಲಿನಿಂದ ಸಂಬಳ ಇಮ್ಮಡಿಯಾಯಿತು.

ಓದುವ ನೀವು ಯಾವ ದೇವಾಲಯಕ್ಕೆ, ಗುಡಿಗೆ, ಮಸೀದಿಗೆ ಹೋಗುವವರೇ ಆಗಿರಿ, ಒಂದು ಕೆಲಸ ಮಾಡಿ. ಮುಂದಿನ ಸಲ ಹೋದಾಗ ಅಲ್ಲಿ ಗುಡಿಸುವವರನ್ನು ಹೆಸರು ಹಿಡಿದು ಮಾತಾಡಿಸಿ, ಅವರ ಸಂಬಳ ಎಷ್ಟೆಂದು ಕೇಳಿ.